ಅಪ್ಪನ ಕಂಪ್ಯೂಟ್ರು, ಅವ್ವನ ಸೋಬಾನೆ

ಮೊನ್ನೆ ನಮ್ಮ ಅತ್ತಿಗೆ ಫೋನು ಮಾಡಿ, "ಕಂಪ್ಯೂಟ್ರ ಒಳಗೆ ಇನ್ನೊಂದು ಕಂಪ್ಯೂಟ್ರು ಕೂರ್ಸಿದ್ದೀಯಂತೆ, ಅದೆಂಗವ್ವ?" ಅಂದ್ರು. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ, ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ನಮ್ಮಪ್ಪ ಪಾಂಡವಪುರದಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದು ನಿಮಗೆಲ್ಲಾ ಗೊತ್ತು. ನಿಮ್ಮಲ್ಲಿ ಅರ್ಧ ಜನದ ಲಗ್ನಪತ್ರಿಕೆ ಅಲ್ಲೇ ಆಗಿದ್ದು. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಅವ್ವನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಅವಳು ಹೇಳ್ತಿದ್ದ ಸೋಬಾನೆ ಪದಗಳ್ನೆಲ್ಲಾ ಟೈಪ್ ಮಾಡೋರು. "ಪುಸ್ತಕ ಮಾಡುಸ್ತೀನಿ ಇರು" ಅಂತಿದ್ರು. ಅಷ್ಟರಲ್ಲಿ ಅವರೇ ಹೊಂಟೋದ್ರು. ಈಗ ಅವ್ವನಿಗೆ ಮರೆವು. ಪದ ಎತ್ಕೊಂಡ್ರೆ ಎರಡನೇ ನುಡಿಗೇ ನಿಂತ್ಬುಡ್ತಾಳೆ.

ಆ ಪದಗಳೆಲ್ಲಾ ಇದ್ದದ್ದು ಅಪ್ಪನ ಹಳೇ ಕಂಪ್ಯೂಟ್ರಲ್ಲಿ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ಅಕ್ಷರ. ಫೈಲುಗಳ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಬಂದ್ರೆ ಆಯ್ತು ಅಂದ್ಕೊಂಡಿದ್ದೆ. ನನ್ನ ಲ್ಯಾಪ್‌ಟಾಪಲ್ಲಿ ಪೇಜ್‌ಮೇಕರ್ ಫೈಲು ತೆರೀಲೇ ಇಲ್ಲ. ವರ್ಡ್‌ನಲ್ಲಿದ್ದ ಒಂದೆರಡು ತೆರೆದ್ರೂ, ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಅಂಟಿಸಿದಂಗೆ ಏನೇನೋ. ಆ ಕಾಲದ ನುಡಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳ್ನ ಕೂರಿಸಿತ್ತು. ಆ ಫಾಂಟ್ ಇಲ್ದೆ ಹೋದ್ರೆ ಓದಕ್ಕೇ ಆಗಲ್ಲ.

ಆಗ ನನ್ನ ತಮ್ಮ ಹೇಳಿದ್ದು ಮನಸ್ಸಿಗೆ ನಾಟ್ತು. "ಅಕ್ಕ, ಕನ್ನಂಬಾಡಿ ಕಟ್ಟೆ ನೀರಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡೀನ ಹೊಸ ಕನ್ನಂಬಾಡಿಗೆ ಹೆಂಗೆ ತಂದ್ರು? ಕಲ್ಲುಕಲ್ಲಿಗೂ ನಂಬರ್ ಹಾಕಿ, ಬಿಚ್ಚಿ, ಇದ್ದಂಗೇ ಜೋಡಿಸಿದ್ರು. ಬರೀ ಫೈಲು ತರೋದು ಅಂದ್ರೆ ಮೂರ್ತಿ ಒಂದನ್ನೇ ಎತ್ಕೊಂಡು ಬಂದಂಗೆ. ಡಿಸ್ಕನ್ನೇ ಪೂರ್ತಿ ಎತ್ತಬೇಕು."

ಡಿಸ್ಕು ಆಗಲೇ ಟಕ್ ಟಕ್ ಅಂತಿತ್ತು. ಇನ್ನೆಷ್ಟು ದಿನವೋ ಅಂತ ಕೈ ನಡುಕ. ಬಿಚ್ಚಿ, ಯು.ಎಸ್.ಬಿ. ವೈರಿನಿಂದ ತಮ್ಮನ ಲ್ಯಾಪ್‌ಟಾಪಿಗೆ ಸಿಗಿಸಿ, ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಓಡಿಸಿದ್ವಿ. ಅದು ಚೆನ್ನಾಗಿರೋ ಜಾಗಾನ ಮೊದಲು ಎತ್ಕೊಂಡು, ಕೆಟ್ಟಿರೋ ಕಡೆಗೆ ಆಮೇಲೆ ಬಂದು ಮತ್ತೆ ಮತ್ತೆ ಓದಕ್ಕೆ ನೋಡ್ತದೆ. ಖಾಲಿ ಜಾಗಾನೂ ಬಿಡಲ್ಲ. 40 ಜಿ.ಬಿ. ಡಿಸ್ಕಿಗೆ ಒಂದು ರಾತ್ರಿ ಹಿಡೀತು. ಅವ್ವ ಮಧ್ಯರಾತ್ರಿ ಎದ್ದು ಬಂದು, "ಬಂದ್ವಾ ಪದ?" ಅಂತ ಕೇಳಿ ಮಲಕ್ಕೊಂಡ್ಲು.

ಹಂಗೆ ಬಂದ ಒಂದೇ ದೊಡ್ಡ ಫೈಲಿಗೆ ಡಿಸ್ಕ್ ಇಮೇಜು ಅಂತಾರೆ. ಅದನ್ನ ವರ್ಚುವಲ್‌ಬಾಕ್ಸ್‌ಗೆ ಹೊಂದೋ ರೂಪಕ್ಕೆ ಬದಲಾಯಿಸಿ ಚಾಲೂ ಮಾಡಿದ್ವಿ. ವರ್ಚುವಲ್‌ಬಾಕ್ಸ್ ಅಂದ್ರೆ ಕಂಪ್ಯೂಟ್ರ ಒಳಗೆ ಇನ್ನೊಂದು ಕಂಪ್ಯೂಟ್ರು ಇದ್ದಂಗೆ ನಟಿಸೋ ಸಾಫ್ಟ್‌ವೇರು. ಅಪ್ಪನ ಪರದೆ ಬತ್ತದೆ ಅಂತ ಮೂರೂ ಜನ ಬಗ್ಗಿ ನೋಡಿದ್ರೆ, ನೀಲಿ ಪರದೆ! ಸ್ಟಾಪ್, ಕೊನೇಲಿ 7ಬಿ. ಅವ್ವನ ಮುಖ ನೋಡಕ್ಕಾಗ್ನಿಲ್ಲ.

ತಮ್ಮ ಹೆದರಲಿಲ್ಲ. "ಕಲ್ಲೆಲ್ಲಾ ಬಂದವೆ ಅಕ್ಕ, ಬುನಾದಿ ಬೇರೆ ಅಷ್ಟೇ" ಅಂದ. ಎಕ್ಸ್‌ಪಿ ತಾನು ಹುಟ್ಟಿದ ಯಂತ್ರದ ಡಿಸ್ಕ್ ಕಂಟ್ರೋಲರ್ ಒಂದನ್ನೇ ನೆನಪಿಟ್ಕೊಂಡಿರ್ತದೆ, ಹೊಸದನ್ನ ಗುರುತು ಹಿಡಿಯಲ್ಲ. ಇಮೇಜಿಗೆ ಇನ್ನೊಂದು ನಕಲು ತೆಗೆದಿಟ್ಟು, ಅಪ್ಪನ ಡ್ರಾಯರಲ್ಲಿದ್ದ ಎಕ್ಸ್‌ಪಿ ಸಿ.ಡಿ. ಹಾಕಿ ರಿಪೇರಿ ಮಾಡಿದ್ವಿ. ನೀವೂ ಇಂಥದ್ದು ಮಾಡುದ್ರೆ ಮೊದಲ ನಕಲು ಮುಟ್ಟಬೇಡಿ, ಪ್ರಯೋಗ ಎಲ್ಲಾ ಎರಡನೇದರ ಮೇಲೆ. ಇನ್ನೊಂದು ಮಾತು: ಎಕ್ಸ್‌ಪಿಗೆ ಕಂಪನಿ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗೀತು, ಅದಕ್ಕೆ ಇಂಟರ್‌ನೆಟ್ ಕೊಡಬೇಡಿ.

ಎರಡನೇ ಸಲ ಅದೇ ಹಸುರು ಬೆಟ್ಟ, ಅದೇ ನೀಲಿ ಆಕಾಶ. ಅಪ್ಪ ಇಟ್ಟಂಗೇ ಮೂಲೇಲಿ "ಪದ" ಅನ್ನೋ ಫೋಲ್ಡರು. ಪೇಜ್‌ಮೇಕರ್ ತೆರೀತು, ನುಡಿ ಅಕ್ಷರ ದುಂಡುದುಂಡಗೆ ಕೂತಿತ್ತು. ಎಲ್ಲಾ ಪಿ.ಡಿ.ಎಫ್. ಮಾಡಿ, ಒಂದು ಪ್ರತಿ ಪ್ರಿಂಟೂ ತೆಗೆದ್ವಿ. ನಿಮಗೆಲ್ಲಾ ಕಳಿಸ್ತೀನಿ.

ಅವ್ವ ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ಓದ್ತಾ ಓದ್ತಾ ಗುನುಗಕ್ಕೆ ಶುರು ಮಾಡುದ್ಲು. ನಾಲ್ಕನೇ ನುಡಿ ದಾಟಿದ್ಲು, ಐದನೇದೂ ದಾಟಿದ್ಲು. ಆಮೇಲೆ ನಿಂತು ಪರದೆ ಕಡೆ ನೋಡಿ, "ನಿಮ್ಮಪ್ಪ ಇಲ್ಲಿ ಒಂದು ಸಾಲು ಬಿಟ್ಟವ್ರೆ ಕನವ್ವ. ಬರ್ಕೋ, ಹೇಳ್ತೀನಿ" ಅಂದ್ಲು.