ಕಲಿಸುವಾಕಿ ಕಲಿತಾಗ

ಬಿ.ಎ. ಮುಗಿಸಿ, ಮದುವೆಯಾಗಿ ಡೋಣಿಗೆ ಬಂದವಳು ನಾನು. ಕಪ್ಪತಗುಡ್ಡದ ಮಗ್ಗುಲಿನ ಈ ಸೀಮೆಯ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಪದವಿಯಿತ್ತು, ತರಬೇತಿ ಇರಲಿಲ್ಲ. 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಬಂತು: 8ನೇ ತರಗತಿಯವರೆಗೆ ಕಲಿಸುವವರೆಲ್ಲ 2019ರ ಮಾರ್ಚ್ 31ರೊಳಗೆ ತರಬೇತಿ ಪಡೆದಿರಬೇಕು.

ಎಳೆಗೂಸು ಬಿಟ್ಟು ಎರಡು ವರ್ಷ ಬಿ.ಇಡ್. ಕಾಲೇಜಿಗೆ ಹೋಗುವುದು ಆಗದ ಮಾತು. ಆಗ ಸಿಕ್ಕಿದ್ದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಡಿ.ಎಲ್.ಇಡ್. ಅದು ಕೆಲಸದಲ್ಲಿದ್ದವರಿಗಷ್ಟೇ ತೆರೆದ ಬಾಗಿಲು. ಮೊಬೈಲಿನಲ್ಲಿ ಪಾಠ, ರಜೆಯ ದಿನ ಸಂಪರ್ಕ ತರಗತಿ, ರಾತ್ರಿ ಅಸೈನ್‌ಮೆಂಟ್. “ಹುಡುಗರಿಗೆ ಕಲಸಾಕಿ ನೀನ ಬರಿಯಾಕ ಕುಂತೀಯಲ್ಲವಾ!” ಎಂದು ನಗುತ್ತಲೇ ಅತ್ತೆ ಕೂಸನ್ನು ಎತ್ತಿಕೊಳ್ಳುತ್ತಿದ್ದರು.

ಪ್ರಮಾಣಪತ್ರಕ್ಕೆಂದು ಹೋದವಳಿಗೆ ಅದಕ್ಕಿಂತ ದೊಡ್ಡದೊಂದು ಸಿಕ್ಕಿತು. 52ರಲ್ಲಿ 27 ಕಳೆದು 35 ಎಂದು ಬರೆಯುವ ಹುಡುಗ ದಡ್ಡನಲ್ಲ. ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆಯಬೇಕೆಂಬ ಮಾತನ್ನೇ ಪಾಲಿಸಿದ್ದಾನೆ. ಹತ್ತು ಹತ್ತು ಕಡ್ಡಿಯ ಕಟ್ಟು ಕೊಟ್ಟು, ಒಂದನ್ನು ಬಿಚ್ಚಿಸಿದರೆ ತಾನೇ ಎಣಿಸಿ 25 ಎನ್ನುತ್ತಾನೆ. ಬರೀ ಪದವಿ ಇದನ್ನು ಕಲಿಸದು.

ಆ ಬಾಗಿಲು ಈಗಿಲ್ಲ. ನಿಮ್ಮ ಮನೆಯಲ್ಲಿ ಪದವಿ ಮುಗಿಸಿ ಶಿಕ್ಷಕಿಯಾಗಬೇಕೆನ್ನುವ ಮಗಳಿದ್ದರೆ ಒಂದು ಮಾತು ನೆನಪಿರಲಿ: 1ರಿಂದ 5ನೇ ತರಗತಿಗೆ ಬಿ.ಇಡ್. ಸಾಲದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪುಟ್ಟ ಮಕ್ಕಳಿಗೆ ಕಲಿಸುವ ಆಸೆಯಿದ್ದರೆ ಡಿ.ಎಲ್.ಇಡ್., ಆಮೇಲೆ ಟಿಇಟಿ. ಯಾವ ತರಗತಿಯ ಮಕ್ಕಳು ಬೇಕೆಂದು ಮೊದಲು ಅವಳನ್ನೇ ಕೇಳಿ. ಕಾಲೇಜು ಆಮೇಲೆ ಹುಡುಕಿದರಾಯಿತು.