ಹುಬ್ಬಳ್ಳಿ ಬಸ್ಸಿನಲ್ಲಿ ಆಫ್ರಿಕಾ

ನಮ್ಮ ಓಣಿಯ ನಿವೃತ್ತ ಇಂಜಿನಿಯರ್ ಸಾಹೇಬರು ಮಗನ ಖರ್ಚಿನಲ್ಲಿ ಆಫ್ರಿಕಾಕ್ಕೆ ಹೋಗಿ ಹಕ್ಕಿ ನೋಡಿ ಬಂದರು. ಬಂದವರು ಸುಮ್ಮನಿರಬೇಕಲ್ಲ? ದಿನಾ ಸಂಜೆ ಸಿಕ್ಕವರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮೊಬೈಲಿನ ಫೋಟೊ ತೋರಿಸಿದ್ದೇ ತೋರಿಸಿದ್ದು. ನನಗೆ ಹಕ್ಕಿಗಿಂತ ಅದು ಕೂತ ಮರವೇ ಕಣ್ಣಿಗೆ ಬಿತ್ತು. ಹಗೇವಿನಂಥ ಹೊಟ್ಟೆ, ಬೇರು ಮೇಲಾಗಿ ನೆಟ್ಟಂಥ ಬೋಳು ಕೊಂಬೆ. “ಬಾವೊಬಾಬ್ ಅಂತಾರ್ರೀ ಇದಕ್ಕ. ನಮ್ಮ ಕಡೆ ಎಲ್ಲಿ ಸಿಗತೈತಿ ಬಿಡ್ರಿ” ಅಂದರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಮಿರಗ ಕೂಡಿದ ಮರುದಿನ, ತಿಂಗಳ ಪಿಂಚಣಿಗೆ ಧಕ್ಕೆಯಾಗದಂತೆ, ಹುಬ್ಬಳ್ಳಿಯಲ್ಲಿ ಸವಣೂರು ಬಸ್ಸು ಹತ್ತಿದೆ.

ಸವಣೂರು ಈಗ ಹಾವೇರಿ ಜಿಲ್ಲೆ. 1997ರ ತನಕ ನಮ್ಮ ಧಾರವಾಡ ಜಿಲ್ಲೆಯದೇ ಆಗಿತ್ತು, ಹಾಗಾಗಿ ಅಲ್ಲಿ ಇಳಿದಾಗ ಪರಊರು ಅನ್ನಿಸುವುದಿಲ್ಲ. ನವಾಬರು ಆಳಿದ ಊರು, ವಿ.ಕೃ. ಗೋಕಾಕರ ಹುಟ್ಟೂರು. ವೀಳ್ಯದೆಲೆಗೂ ಖಾರಾಕ್ಕೂ ಹೆಸರಾದದ್ದು. ನನ್ನ ಹೆಂಡತಿಯ ಲೆಕ್ಕದಲ್ಲಿ ಖಾರಾ ಮೊದಲು, ಗೋಕಾಕರು ಆಮೇಲೆ. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಇಂಜಿನಿಯರ್ ಸಾಹೇಬರ ಬಾವೊಬಾಬ್ ಒಂದಲ್ಲ, ಮೂರು ನಿಂತಿದ್ದವು. ಕಾಯಿಯೊಳಗಿನ ತಿರುಳು ಹುಳಿ, ಮರವೋ ಬೆಟ್ಟದಷ್ಟು. ಜನ ದೊಡ್ಡಹುಣಸೆ ಅಂದರು, ಮಠವೂ ಅದೇ ಹೆಸರು ಹೊತ್ತಿತು. ಎರಡು ಸಾವಿರ ವರ್ಷದ್ದೆಂದು ಭಕ್ತರು, ಅರಬ್ ವ್ಯಾಪಾರಿಗಳು ತಂದದ್ದೆಂದು ಓದಿಕೊಂಡವರು. ಮರವನ್ನು ಕೇಳೋಣವೆಂದರೆ ಅದರ ವರ್ಷದುಂಗುರಗಳನ್ನು ನೆಚ್ಚುವಂತಿಲ್ಲ.

ನನ್ನ ದುರ್ಬೀನಿನ ಎಡಗಣ್ಣಿಗೆ ಬೂಷ್ಟು ಹಿಡಿದು ಮೂರು ಮಳೆಗಾಲವಾಗಿದೆ. ಬಲಗಣ್ಣೊಂದರಲ್ಲೇ ನೋಡುತ್ತ ನಿಂತೆ. ತಾಯ್ನೆಲದಲ್ಲಿ ಈ ಮರದ ಪೊಟರೆಗಳಲ್ಲಿ ಬಾನಾಡಿಗಳು, ಮಂಗಟ್ಟೆಗಳು ಗೂಡು ಮಾಡುತ್ತವಂತೆ. ಕೆಂಪು ಕೊಕ್ಕಿನ ಗೀಜಗವೊಂದು ಕೊಂಬೆಯ ಮೇಲೆ ಮುಳ್ಳುಕಡ್ಡಿಯ ಹೊರೆಯನ್ನೇ ಪೇರಿಸುತ್ತದಂತೆ. ಇಲ್ಲಿ ನನಗೆ ಕಂಡದ್ದು ನಾಲ್ಕು ಗಿಣಿ, ಜಗಳಕ್ಕೆ ನಿಂತ ಎರಡು ಗೊರವಂಕ. ಮರ ನೋಡಿದರೆ ಆಫ್ರಿಕಾ, ಹಕ್ಕಿ ನೋಡಿದರೆ ನಮ್ಮ ಓಣಿ!

“ಏನ್ ಹುಡಕಾಕ್ಹತ್ತೀರ್ರೀ ಸಾಹೇಬ್ರ?” ಕಟ್ಟೆಯ ಮೇಲೆ ಎಲಿಅಡಿಕಿ ಹಾಕಿಕೊಳ್ಳುತ್ತಿದ್ದ ಅಜ್ಜ ಕೇಳಿದ.

“ಹಕ್ಕಿ ನೋಡಾಕ್ಹತ್ತೇನಿ, ಅಜ್ಜಾರ.”

“ಕೊಳವಿ ಇಳಸ್ರಿ ಮೊದಲ. ನಿಮ್ಮ ತಲಿ ಮ್ಯಾಲ ಹಾಲಕ್ಕಿ ಕುಂತೈತಿ.”

ಇಳಿಸಿದೆ. ಪೊಟರೆಯ ಬಾಯಲ್ಲಿ ಮುಷ್ಟಿಗಾತ್ರದ ಗೂಬೆಯೊಂದು ಹಳದಿ ಕಣ್ಣು ಬಿಟ್ಟುಕೊಂಡು ಎಷ್ಟು ಹೊತ್ತಿನಿಂದಲೋ ನನ್ನನ್ನೇ ನೋಡುತ್ತಿತ್ತು. ನಸುಕಿನಲ್ಲಿ ಬುಡಬುಡಕಿಯವನು ಬಂದು ‘ಹಾಲಕ್ಕಿ ನುಡಿದೈತಿ’ ಎಂದು ಶಕುನ ಹೇಳುತ್ತಾನಲ್ಲ, ಅದೇ ಇದು. ನಮ್ಮ ಕಡೆಯ ಶಕುನಕ್ಕೆಲ್ಲ ಒಡತಿಯಾದವಳು ವಿದೇಶಿ ಮರದಲ್ಲಿ ಬಾಡಿಗೆಗಿದ್ದಳು.

ಹೊರಡುವ ಹೊತ್ತಿಗೆ ಮೋಡ ಕವಿಯಿತು. ಮಠದಾಚೆಯ ಜಾಲಿಗಂಟಿಯಿಂದ ‘ಪಿಯೂ ಪಿಯೂ’ ಎಂದು ಕೇಳಿತು. ಕರಿ ಬೆನ್ನು, ಬಿಳಿ ಹೊಟ್ಟೆ, ತಲೆಯ ಮೇಲೆ ಜುಟ್ಟು. ಚಾತಕ! ಮಳೆಹನಿಯನ್ನಷ್ಟೇ ಕುಡಿದು ಬದುಕುವ ವ್ರತಸ್ಥನೆಂದು ಕವಿಗಳು ಇದನ್ನು ಹೊಗಳಿದ್ದೇ ಹೊಗಳಿದ್ದು. ನಾನು ಕಂಡ ವ್ರತಸ್ಥ ಕೊಬ್ಬಿದ ಕಂಬಳಿಹುಳವನ್ನು ಕೊಂಬೆಗೆ ಬಡಿಬಡಿದು ನುಂಗುತ್ತಿದ್ದ. ಸಂಸಾರದ ಹೊರೆಯೂ ಇವನಿಗಿಲ್ಲ. ಹರಟೆಮಲ್ಲಗಳ ಗೂಡಿನಲ್ಲಿ ಅವುಗಳದರಂಥದೇ ನೀಲಿ ಮೊಟ್ಟೆಯನ್ನು ಹೆಣ್ಣು ಇಟ್ಟು ಹೋಗುತ್ತದೆ. ಮುಂದಿನ ಬಾಣಂತನವೆಲ್ಲ ಆ ಬಾಯಿಬಡುಕರದು.

ಚಾತಕಗಳಲ್ಲಿ ಕೆಲವು ದಕ್ಷಿಣ ಭಾರತದಲ್ಲೇ ವರ್ಷವಿಡೀ ಇರುತ್ತವೆ. ಇನ್ನು ಕೆಲವು ಮುಂಗಾರಿನ ಗಾಳಿಯ ಜೊತೆ ಅರಬ್ಬಿ ಸಮುದ್ರ ದಾಟಿ ಆಫ್ರಿಕಾದಿಂದ ಬರುತ್ತವೆ. ಈ ದಾರಿ ಪತ್ತೆಹಚ್ಚಲೆಂದೇ 2020ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಎರಡು ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ, ‘ಮೇಘ’, ‘ಚಾತಕ’ ಎಂದು ಹೆಸರಿಟ್ಟು ಬಿಟ್ಟಿದ್ದರು. ನನ್ನೆದುರಿನದಕ್ಕೆ ಟ್ಯಾಗೂ ಇಲ್ಲ, ಹೆಸರೂ ಇಲ್ಲ. ಧಾರವಾಡದವರು ಹೊಸಬರು ಕಂಡರೆ ಮೊದಲು ಕೇಳುವುದು ‘ಯಾವೂರು?’ ಅಂತ. ನಾನೂ ಕೇಳಿದೆ. ಅದು ಇನ್ನೊಂದು ಕಂಬಳಿಹುಳ ಹಿಡಿಯಿತು. ಅಜ್ಜನನ್ನು ಕೇಳಿದರೆ, “ಯಾವೂರಂದ್ರ? ಮಳಿಗಾಲದಾಗ ನಮ್ಮೂರಿಂದ ರೀ” ಅಂದ. ಉನ್ನಾವಿನಿಂದ ಬಂದ ಠಾಕೂರರ ಪೇಢೆ ಧಾರವಾಡ ಪೇಢೆಯೇ ಆದಮೇಲೆ ಇದಕ್ಕೆ ನಾನೇನು ತಕರಾರು ತೆಗೆಯಲಿ?

ಓಣಿಗೆ ಮರಳಿ ಕಟ್ಟೆಯಲ್ಲಿ ಇಂಜಿನಿಯರ್ ಸಾಹೇಬರಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ನಂಬಲಿಲ್ಲ. ಖಾರಾದ ಪೊಟ್ಟಣ ಮಾತ್ರ ಅವರೇ ಬಿಚ್ಚಿದರು.

2023ರ ಜುಲೈ ಮಳೆಗೆ ಆ ಮೂರರಲ್ಲಿ ಒಂದು ಮರ ಬೇರುಸಮೇತ ಉರುಳಿತು. ಕೊಂಬೆ ಸವರಿ, ಎತ್ತಿ, ಅದನ್ನು ಮತ್ತೆ ನೆಟ್ಟಿದ್ದಾರೆ. ನೀವು ಹೋಗುವುದಾದರೆ ಮಿರಗದ ಹೊತ್ತಿಗೆ ಹೋಗಿ. ಮರದ ಕೆಳಗೆ ನಿಂತಮೇಲೆ ದುರ್ಬೀನು ಸ್ವಲ್ಪ ಹೊತ್ತು ಚೀಲದಲ್ಲೇ ಇರಲಿ.