ನೊಣದ ಫೋಟೋ ತೆಗೆಯುವಿರಾ?

ಮಕ್ಕಳೇ, ಮೈಸೂರಿನ ಕಾರಂಜಿ ಕೆರೆಗೆ ಬಂದವರೆಲ್ಲ ನವಿಲಿನ ಫೋಟೋ ತೆಗೆಯುತ್ತಾರೆ. ನಾನು ಹೂಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ನೊಣದ ಫೋಟೋ ತೆಗೆಯುತ್ತೇನೆ. ನೋಡಿದವರು ನಗುತ್ತಾರೆ. ನಗಲಿ ಬಿಡಿ.

ಹೂವಿನ ಮೇಲೆ ಹಳದಿ-ಕಪ್ಪು ಪಟ್ಟೆಯ ಕೀಟ ಕಂಡರೆ ನೀವು ಜೇನುಹುಳು ಎಂದು ಹಿಂದೆ ಸರಿಯುತ್ತೀರಿ, ಅಲ್ಲವೇ? ಅದರ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಜೇನುಹುಳುವಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿಯಂತಹ ಎರಡು ಪುಟ್ಟ ಅಂಗಗಳಿರುತ್ತವೆ. ಹಾರುವಾಗ ನೊಣ ತೂಕ ತಪ್ಪದಂತೆ ಕಾಯುವುದು ಇವುಗಳ ಕೆಲಸ. ಎರಡೇ ರೆಕ್ಕೆ, ಗಿಡ್ಡ ಮೀಸೆ, ತಲೆತುಂಬ ಕಣ್ಣು ಕಂಡರೆ ಅದು ಹೂನೊಣ. ಕುಟುಕಲು ಅದಕ್ಕೆ ಕೊಂಡಿಯೇ ಇಲ್ಲ! ಜೇನಿನ ವೇಷ ಹಾಕಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತದೆ, ಅಷ್ಟೆ.

ಇದು ನನಗೆ ಆಟ. ಆದರೆ ತಿ. ನರಸೀಪುರದ ಕಡೆ ರೇಷ್ಮೆಹುಳು ಸಾಕುವವರಿಗೆ ನೊಣವನ್ನು ಗುರುತಿಸುವುದು ಆಟವಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ರೇಷ್ಮೆಗೂಡುಗಳ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಇದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿ ಹುಳುವಿನೊಳಗೆ ಕೊರೆದುಕೊಂಡು ಹೋಗುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಮೂಡುತ್ತದೆ. ಎಷ್ಟೋ ಹುಳುಗಳು ಗೂಡು ಕಟ್ಟುವ ಮೊದಲೇ ಸಾಯುತ್ತವೆ. ಗೂಡು ಕಟ್ಟಿದರೂ ಊಜಿಮರಿ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಒಂದೇ ಎಳೆಯಾಗಿ ಬಿಚ್ಚುವುದಿಲ್ಲ. ಮನೆಮಂದಿಯೆಲ್ಲ ಸೇರಿ ಹಗಲಿರುಳು ಸೊಪ್ಪು ಹಾಕಿದ ದುಡಿಮೆ ಹಾಳಾಗುತ್ತದೆ. ಅದಕ್ಕೇ ಸಾಕುವ ಮನೆಯ ಕಿಟಕಿಗಳಿಗೆ ನೈಲಾನ್ ಬಲೆ ಕಟ್ಟುತ್ತಾರೆ.

ಬಲೆಯ ಮೇಲೆ ಕುಳಿತಿರುವುದು ಊಜಿಯೋ, ಮನೆನೊಣವೋ? ಮನೆನೊಣದ ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆಗಳಿವೆ. ಊಜಿಗೂ ನಾಲ್ಕು! ಹಾಗಾದರೆ ಹೊಟ್ಟೆಯ ಭಾಗ ನೋಡಿ. ಊಜಿಗೆ ಅಲ್ಲಿ ಒರಟಾದ, ನೆಟ್ಟನೆ ನಿಂತ ಕೂದಲುಗಳಿರುತ್ತವೆ. ಗಾತ್ರವೂ ದೊಡ್ಡದು. ಮನೆನೊಣ ಸುಮಾರು 6-7 ಮಿ.ಮೀ. ಉದ್ದವಾದರೆ ಊಜಿ 10 ಮಿ.ಮೀ. ದಾಟಬಹುದು. ಆದರೆ ಬರೀ ಫೋಟೋ ನೋಡಿದರೆ ಗಾತ್ರ ತಿಳಿಯುವುದಿಲ್ಲವಲ್ಲ! ಅದಕ್ಕೆ ನಾನೊಂದು ಉಪಾಯ ಮಾಡುತ್ತೇನೆ. ನೊಣ ಹಾರಿಹೋದ ಮೇಲೆ ಅದು ಕುಳಿತಿದ್ದ ಜಾಗದಲ್ಲೇ ಸ್ಕೇಲು ಇಟ್ಟು, ಅಷ್ಟೇ ದೂರದಿಂದ ಇನ್ನೊಂದು ಫೋಟೋ ತೆಗೆಯುತ್ತೇನೆ. ನೀವೂ ಮಾಡಿ ನೋಡಿ. ಬೆನ್ನಿನ ಕಡೆಯಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಕೆಲವು ನೊಣಗಳ ಮುಂದೆ ಯಾವ ಫೋಟೋವೂ ಸಾಲದು. ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟಾಣಿ ಡ್ರಾಸೊಫಿಲಾ ನೊಣಗಳನ್ನು ನೀವು ಕಂಡಿದ್ದೀರಿ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇವುಗಳನ್ನು ಸೀಸೆಗಳಲ್ಲಿ ಸಾಕಿ ಅಧ್ಯಯನ ಮಾಡುತ್ತಾರೆ. ಅಲ್ಲಿನ ವಿಜ್ಞಾನಿಗಳು ಅಧ್ಯಯನ ಮಾಡಿದ ನಸುಟ, ಅಲ್ಬೊಮಿಕಾನ್ಸ್ ಎಂಬ ಎರಡು ಬಗೆಗಳು ನೋಡಲು ಒಂದೇ ತೆರ. ಆದರೆ ಜೀವಕೋಶದೊಳಗೆ ಒಂದಕ್ಕೆ 8 ವರ್ಣತಂತು, ಇನ್ನೊಂದಕ್ಕೆ 6. ಅದನ್ನು ಎಣಿಸಲು ಸೂಕ್ಷ್ಮದರ್ಶಕವೇ ಬೇಕು.

ನನ್ನ ಬಾಳೆಹಣ್ಣಿನ ಫೋಟೋದ ಕೆಳಗೆ ‘ಡ್ರಾಸೊಫಿಲಾ’ ಎಂದಷ್ಟೇ ಬರೆದು, ಮುಂದೆ ಜಾಗ ಬಿಟ್ಟಿದ್ದೇನೆ.